ಎಸಿ ಕೂರಿಸಲು ಬರುವವರ ಲೈಸೆನ್ಸು ಮತ್ತು ವಿಮೆಯ ಕುರಿತು ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು,
ಸಿವಿಲ್ ಸ್ಟೇಶನ್, ವಿದ್ಯಾನಗರ, ಕಾಸರಗೋಡು.

ಪ್ರತಿ: ಜಿಲ್ಲಾ ವಿದ್ಯುತ್ ಪರಿವೀಕ್ಷಕರಿಗೆ, ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತು ಅಧ್ಯಕ್ಷರಿಗೆ ಮತ್ತು ನಗರಸಭಾಧ್ಯಕ್ಷರಿಗೆ.

ಮಾನ್ಯರೇ,

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಮನೆಗಳಿಗೆ ಎಸಿ ಕೂರಿಸಲು, ರಿಪೇರಿ ಮಾಡಲು, ಗ್ಯಾಸ್ ತುಂಬಿಸಲು ಬರುವವರಲ್ಲಿ ಯಾರಿಗೆ ಕಾನೂನು ಕೇಳುವ ಲೈಸೆನ್ಸು ಇದೆ, ಯಾರ ಕೆಲಸಗಾರರಿಗೆ ವಿಮೆ ಇದೆ ಎಂಬುದನ್ನು ಮನೆಯವರೇ ನೋಡಿ ಖಚಿತಪಡಿಸಿಕೊಳ್ಳುವಂತಹ ಒಂದು ಸರಳ ವ್ಯವಸ್ಥೆಯನ್ನು ಜಿಲ್ಲಾಡಳಿತ ಮಾಡಿಕೊಡಬೇಕೆಂದು ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಲು ಸಂವಿಧಾನದ 350ನೇ ವಿಧಿ ಅವಕಾಶ ಕೊಟ್ಟಿರುವುದರಿಂದ ಕನ್ನಡದಲ್ಲಿಯೇ ಬರೆದಿದ್ದೇನೆ. ಇದನ್ನು ತಮ್ಮ ಕಚೇರಿಗೆ ಮಾತ್ರ ಕಳುಹಿಸದೆ ಬಹಿರಂಗವಾಗಿ ಪ್ರಕಟಿಸುವುದಕ್ಕೆ ಕಾರಣವಿದೆ. ಆಗಬೇಕಾದ ಕೆಲಸದಲ್ಲಿ ಅರ್ಧ ಸರಕಾರದ್ದಾದರೆ, ಉಳಿದರ್ಧ ಬಾಗಿಲು ತೆರೆದು ಎಸಿಯವರನ್ನು ಒಳಗೆ ಕರೆಯುವ ನಮ್ಮದು.

ಈ ಭಾಗದಲ್ಲಿ ಎಸಿ ಈಗ ಸಿರಿವಂತರ ಮನೆಯ ವಸ್ತುವಾಗಿ ಉಳಿದಿಲ್ಲ. 2024ರ ಏಪ್ರಿಲ್ ಮತ್ತು ಮೇ ತಿಂಗಳ ಸೆಕೆಯಲ್ಲಿ ಕೇರಳದ ಒಂದು ದಿನದ ವಿದ್ಯುತ್ ಬಳಕೆ 11 ಕೋಟಿ ಯೂನಿಟ್ ದಾಟಿದಾಗ, ಅದಕ್ಕೆ ಮನೆಮನೆಯ ಎಸಿಗಳೇ ಮುಖ್ಯ ಕಾರಣವೆಂದು ವಿದ್ಯುತ್ ಮಂಡಳಿಯೇ ಹೇಳಿತ್ತು. ಉಪ್ಪಳ, ಕುಂಬಳೆ, ಮೊಗ್ರಾಲು, ಚೆಂಗಳ ಕಡೆಯ ಎಷ್ಟೋ ಮನೆಗಳಲ್ಲಿ ಎಸಿಯನ್ನು ಆರಿಸುವವರು, ಹಣ ಕಟ್ಟುವವರು, ಫಿಟ್ಟಿಂಗಿಗೆ ಜನ ಗೊತ್ತುಮಾಡುವವರು ಗಲ್ಫಿನಲ್ಲಿರುವ ಮಕ್ಕಳು. ಬಂದವರಿಗೆ ಬಾಗಿಲು ತೆರೆಯುವವರು ಊರಿನಲ್ಲಿರುವ ವಯಸ್ಸಾದ ತಂದೆತಾಯಿ. ಒಳನಾಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿಯೂ ಹಾಸಿಗೆ ಹಿಡಿದ ಹಿರಿಯರಿಗೆಂದು, ಬಾಣಂತಿಗೆಂದು, ಒಂದು ಕೋಣೆಗಾದರೂ ಎಸಿ ಹಾಕಿಸುತ್ತಿದ್ದಾರೆ. ಆ ಹಿರಿಯರು ಬಂದ ಹುಡುಗರಿಗೆ ಚಹಾ ಕೊಟ್ಟು ಸತ್ಕರಿಸುತ್ತಾರೆ, ಆದರೆ ಅವರ ಲೈಸೆನ್ಸು ಕೇಳುವುದಿಲ್ಲ. ಏನನ್ನು ಕೇಳಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಕೇಳಿದರೂ ಸಿಕ್ಕಿದ ಉತ್ತರ ನಿಜವೋ ಸುಳ್ಳೋ ಎಂದು ನೋಡುವ ದಾರಿ ಅವರಿಗಿಲ್ಲ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಬೇಕು. ಎಸಿ ಕೂರಿಸುವುದು ಒಂದೇ ಕೆಲಸವೆಂದು ನಾವೆಲ್ಲರೂ ತಿಳಿದಿದ್ದೇವೆ, ಆದರೆ ಅದು ಎರಡು ಬೇರೆ ಬೇರೆ ಕೆಲಸ. ಒಂದು ವಿದ್ಯುತ್ತಿನದು: ಮನೆಯ ಕರೆಂಟು ಹಂಚುವ ಪೆಟ್ಟಿಗೆಯಾದ ಡಿಬಿಯಿಂದ ಪ್ರತ್ಯೇಕ ಲೈನು ಎಳೆಯುವುದು, ಹೊರೆ ಹೆಚ್ಚಾದರೆ ತಾನಾಗಿ ಆರುವ ಸ್ವಿಚ್ಚನ್ನು, ಅಂದರೆ ತಕ್ಕ ಎಂಸಿಬಿಯನ್ನು ಹಾಕುವುದು, ಸೋರಿದ ಕರೆಂಟು ನೆಲಕ್ಕೆ ಇಳಿಯುವಂತೆ ಅರ್ತ್ ಕೊಡುವುದು. ಇನ್ನೊಂದು ಶೀತಲೀಕರಣದ್ದು: ಒಳಗಿನ ಯೂನಿಟ್ಟು ಮತ್ತು ಹೊರಗಿನ ಯೂನಿಟ್ಟಿನ ನಡುವೆ ತಾಮ್ರದ ಪೈಪು ಜೋಡಿಸುವುದು, ಪೈಪಿನೊಳಗಿನ ಗಾಳಿಯನ್ನು ಎಳೆದು ವ್ಯಾಕ್ಯೂಮ್ ಮಾಡುವುದು, ಗ್ಯಾಸ್ ಬಿಡುವುದು. ಮೊದಲನೆಯ ಕೆಲಸಕ್ಕೆ ಈ ದೇಶದಲ್ಲಿ ಕಡ್ಡಾಯ ಲೈಸೆನ್ಸು ಇದೆ. ಎರಡನೆಯದಕ್ಕೆ ಅಂತಹ ಸರಕಾರಿ ಲೈಸೆನ್ಸು ಇಲ್ಲ. ತರಬೇತಿಯ ಪ್ರಮಾಣಪತ್ರ ಮಾತ್ರ ಇದೆ. ಈ ವ್ಯತ್ಯಾಸ ಗೊತ್ತಿಲ್ಲದ ಕಾರಣ, ಒಂದನ್ನು ತೋರಿಸಿ ಇನ್ನೊಂದನ್ನೂ ಮಾಡಿಬಿಡುವುದು ಸುಲಭವಾಗಿದೆ.

ವಿದ್ಯುತ್ತಿನ ಭಾಗದ ಕಾನೂನು ಸ್ಪಷ್ಟವಾಗಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ತಂದು, 2023ರಲ್ಲಿ ಹೊಸದಾಗಿ ಹೊರಡಿಸಿದ ಸುರಕ್ಷತಾ ನಿಯಮಗಳ ಪ್ರಕಾರ, ಮನೆಯ ವಯರಿಂಗಿಗೆ ಹೊಸದನ್ನು ಸೇರಿಸುವುದನ್ನೂ ಇದ್ದುದನ್ನು ಬದಲಾಯಿಸುವುದನ್ನೂ ರಾಜ್ಯ ಸರಕಾರದ ಲೈಸೆನ್ಸು ಪಡೆದ ಗುತ್ತಿಗೆದಾರರೇ ಮಾಡಬೇಕು. ಅರ್ಹತಾ ಪತ್ರ ಹೊಂದಿದ ಸೂಪರ್‌ವೈಸರ್ ಅದರ ಮೇಲ್ವಿಚಾರಣೆ ನೋಡಬೇಕು. ಕೈಯಿಟ್ಟು ಕೆಲಸ ಮಾಡುವವರ ಬಳಿ ಪರ್ಮಿಟ್ ಇರಬೇಕು. ಬಲ್ಬು, ಫ್ಯಾನು, ಸ್ವಿಚ್ಚು ಅಥವಾ ಮನೆಬಳಕೆಯ ಉಪಕರಣವನ್ನು ಬದಲಿಸುವುದಕ್ಕೆ ಮಾತ್ರ ವಿನಾಯಿತಿ ಇದೆ, ಅದೂ ಮನೆಯ ವಿದ್ಯುತ್ ವ್ಯವಸ್ಥೆಯ ಸಾಮರ್ಥ್ಯ ಮತ್ತು ಸ್ವರೂಪ ಬದಲಾಗದಿದ್ದರೆ. ಹಳೆಯ ಎಸಿ ತೆಗೆದು ಅಷ್ಟೇ ಸಾಮರ್ಥ್ಯದ ಎಸಿಯನ್ನು ಅದೇ ಪಾಯಿಂಟಿಗೆ ಹಾಕಿದರೆ ಈ ವಿನಾಯಿತಿ ಸಲ್ಲಬಹುದು. ಆದರೆ ಎಸಿಯೇ ಇಲ್ಲದ ಮನೆಗೆ ಒಂದೂವರೆ ಟನ್ನಿನ ಎಸಿ ತಂದು, ಸುಮಾರು ಒಂದೂವರೆ ಕಿಲೋವ್ಯಾಟ್ ಹೊರೆಗೆ ಹೊಸ ಲೈನು ಎಳೆಯುವುದನ್ನು ಫ್ಯಾನು ಬದಲಿಸಿದಂತೆ ಎಂದು ಹೇಳಲು ಬರುವುದಿಲ್ಲ. ಅಲ್ಲಿ ಲೈಸೆನ್ಸು ಬೇಕೇ ಬೇಕು.

ಕೇರಳದಲ್ಲಿ ಈ ಲೈಸೆನ್ಸನ್ನು ಕೊಡುವುದು ರಾಜ್ಯ ವಿದ್ಯುತ್ ಲೈಸೆನ್ಸಿಂಗ್ ಮಂಡಳಿ. ಗುತ್ತಿಗೆದಾರರಿಗೆ ಎ, ಬಿ, ಸಿ ಎಂಬ ದರ್ಜೆಗಳಿವೆ; ಸೂಪರ್‌ವೈಸರ್‌ಗೆ ಅರ್ಹತಾ ಪತ್ರ, ವಯರ್‌ಮನ್‌ಗೆ ಪರ್ಮಿಟ್ ಬೇರೆಯಾಗಿಯೇ ಇವೆ. ಜಿಲ್ಲೆಯಲ್ಲಿ ವಿದ್ಯುತ್ ಪರಿವೀಕ್ಷಕರ ಕಚೇರಿಯೂ ಇದೆ. ಹೊಸ ಮನೆಗೆ ಕರೆಂಟು ತೆಗೆದುಕೊಳ್ಳುವಾಗ ವಯರಿಂಗ್ ಮುಗಿದ ವರದಿಗೆ ಲೈಸೆನ್ಸುದಾರರ ಸಹಿ ಇಲ್ಲದೆ ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿನಲ್ಲಿ ಕೆಲಸ ಮುಂದೆ ಹೋಗುವುದಿಲ್ಲ ಎಂಬುದು ಮನೆ ಕಟ್ಟಿಸಿದ ಪ್ರತಿಯೊಬ್ಬರಿಗೂ ಗೊತ್ತು. ಅದೇ ಮನೆಗೆ ಐದು ವರ್ಷ ಕಳೆದು ಮೂರು ಎಸಿ ಬಂದು ಕುಳಿತಾಗ ಮಾತ್ರ ಯಾರ ಸಹಿಯನ್ನೂ ಯಾರೂ ಕೇಳುವುದಿಲ್ಲ. ವ್ಯವಸ್ಥೆಯ ಬಾಗಿಲಲ್ಲಿ ಕಾವಲಿದೆ, ಒಳಗೆ ಹೋದ ಮೇಲೆ ಇಲ್ಲ ಎಂಬುದೇ ನನ್ನ ಅಹವಾಲಿನ ಮುಖ್ಯ ಭಾಗ.

ಗಡಿನಾಡಿನ ಒಂದು ವಿಶೇಷ ಸಂಗತಿಯನ್ನೂ ಇಲ್ಲಿ ಹೇಳಬೇಕಾಗಿದೆ. ತಲಪಾಡಿಯಿಂದ ಈಚೆಗಿನ ಮಂಜೇಶ್ವರ, ಹೊಸಂಗಡಿ, ವರ್ಕಾಡಿ, ಮೀಂಜ, ಪೈವಳಿಕೆ ಭಾಗದವರು ಎಸಿಯನ್ನು ಹೆಚ್ಚಾಗಿ ಮಂಗಳೂರಿನಲ್ಲಿ ಕೊಳ್ಳುತ್ತಾರೆ, ಫಿಟ್ಟಿಂಗಿಗೂ ಅಲ್ಲಿಂದಲೇ ಜನ ಬರುತ್ತಾರೆ. ಅವರಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ, ಕರ್ನಾಟಕದ ಲೈಸೆನ್ಸು ಇರುವವರೂ ಇರಬಹುದು. ಆದರೆ ಒಂದು ರಾಜ್ಯ ಕೊಟ್ಟ ಲೈಸೆನ್ಸಿನ ಮೇಲೆ ಇನ್ನೊಂದು ರಾಜ್ಯದ ಮನೆಯಲ್ಲಿ ವಯರಿಂಗ್ ಮಾಡಬಹುದೇ, ಮಾಡಬೇಕಾದರೆ ಇಲ್ಲಿ ಯಾವ ಮಾನ್ಯತೆ ಪಡೆಯಬೇಕು ಎಂಬುದು ಗಿರಾಕಿಗೂ ಗೊತ್ತಿಲ್ಲ, ಅನೇಕ ಸಲ ಬಂದವರಿಗೂ ಗೊತ್ತಿಲ್ಲ. ಮಾನ್ಯ ವಿದ್ಯುತ್ ಪರಿವೀಕ್ಷಕರು ಈ ಒಂದು ಪ್ರಶ್ನೆಗೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಲಿಖಿತ ಉತ್ತರವನ್ನು ಪ್ರಕಟಿಸಿದರೆ ಗಡಿಯ ಎರಡೂ ಬದಿಯವರಿಗೆ ಉಪಕಾರವಾಗುತ್ತದೆ.

ಸದ್ಯಕ್ಕೆ ಲೈಸೆನ್ಸು ಎಂದು ನಮ್ಮ ಮುಂದೆ ಹಿಡಿಯುವ ಕಾಗದಗಳು ಯಾವುವು ಎಂದು ನೋಡಿದರೆ ಪರಿಸ್ಥಿತಿ ಅರ್ಥವಾಗುತ್ತದೆ. ಜಿಎಸ್‌ಟಿ ನೋಂದಣಿಯನ್ನು ತೋರಿಸುತ್ತಾರೆ. ಅದು ತೆರಿಗೆಯ ಕಾಗದ. ಪಂಚಾಯತಿನ ವ್ಯಾಪಾರ ಪರವಾನಗಿಯನ್ನು ತೋರಿಸುತ್ತಾರೆ. ಅದು ಆ ಕಟ್ಟಡದಲ್ಲಿ ಅಂಗಡಿ ನಡೆಸಲು ಕೊಟ್ಟ ಅನುಮತಿ. ಕಂಪನಿಯ ಹೆಸರಿನ ಅಂಗಿ, ಕುತ್ತಿಗೆಯ ಕಾರ್ಡು ತೋರಿಸುತ್ತಾರೆ. ಅದು ಕಂಪನಿ ಮತ್ತು ಡೀಲರನ ನಡುವಿನ ಒಪ್ಪಂದದ ಗುರುತು, ವಾರಂಟಿಯ ದೃಷ್ಟಿಯಿಂದ ಬೇಕಾದುದು ಹೌದು, ಆದರೆ ವಯರಿಂಗಿನ ಲೈಸೆನ್ಸಲ್ಲ. ಕಳೆದ ಬೇಸಗೆಯಲ್ಲಿ ನಮ್ಮ ನೆರೆಕರೆಯ ಮನೆಯೊಂದಕ್ಕೆ ಬಂದವರೊಡನೆ ವಿದ್ಯುತ್ ಲೈಸೆನ್ಸನ್ನೇ ಕೇಳಿದಾಗ, ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಫೋಟೋದಲ್ಲಿದ್ದುದು ನಿಜವಾದ ಲೈಸೆನ್ಸೇ. ಆದರೆ ಅದರ ಮೇಲಿದ್ದ ಹೆಸರು ಬಂದ ಇಬ್ಬರದ್ದೂ ಅಲ್ಲ, ಬಿಲ್ಲಿನ ಮೇಲಿನ ಅಂಗಡಿಯದ್ದೂ ಅಲ್ಲ. ಅವಧಿ ಮುಗಿಯುವ ದಿನಾಂಕ ಇರಬೇಕಾದ ಕೆಳಗಿನ ಅಂಚು ಫೋಟೋದಲ್ಲಿ ಕತ್ತರಿಸಿಹೋಗಿತ್ತು. ಅದು ಯಾರದೆಂದು ಕೇಳಿದ್ದಕ್ಕೆ, ನಮ್ಮ ಸಾರ್‌ದು ಎಂಬ ಉತ್ತರ ಬಂತು. ಆ ಸಾರ್ ಯಾರು, ಎಲ್ಲಿದ್ದಾರೆ, ಅವರಿಗೆ ಈ ಕೆಲಸದ ವಿಷಯ ಗೊತ್ತಿದೆಯೇ ಎಂದು ವಿಚಾರಿಸಲು ಆ ಮನೆಯವರಿಗೆ ಯಾವ ದಾರಿಯೂ ಇರಲಿಲ್ಲ.

ಇದೆಲ್ಲ ಬರಿಯ ಕಾಗದದ ತಕರಾರಲ್ಲ. ನಮ್ಮ ಊರಿನ ನೆಲ ಮತ್ತು ಗೋಡೆ ಎಂಥದು ಎಂದು ಬಲ್ಲವರಿಗೆ ಕೆಲಸದ ಗುಣಮಟ್ಟದ ಮಹತ್ವ ಬೇಗ ತಿಳಿಯುತ್ತದೆ. ಇಲ್ಲಿ ಹೆಚ್ಚಿನ ಮನೆಗಳ ಗೋಡೆ ಮುರಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಕಾಂಕ್ರೀಟಿನಲ್ಲಿ ಹಿಡಿಯುವ ಹಾಗೆ ಮುರಕಲ್ಲಿನಲ್ಲಿ ಆ್ಯಂಕರ್ ಬೋಲ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಡ್ರಿಲ್ಲು ಇಟ್ಟಾಗ ಕೆಂಪು ಹುಡಿ ಸುರಿಯುತ್ತದೆ, ಒಳಗಿನ ತೂತು ಬೇಕಾದುದಕ್ಕಿಂತ ಅಗಲವಾಗುತ್ತದೆ, ಬೋಲ್ಟು ಬಿಗಿಸುತ್ತಾ ಹೋದರೆ ಸುಮ್ಮನೆ ತಿರುಗುತ್ತದೆ. ಅಂತಹ ಗೋಡೆಗೆ ಬ್ರಾಕೆಟ್ಟು ಹೊಡೆದು ಮೂವತ್ತು ಕಿಲೋ ತೂಕದ, ಸದಾ ನಡುಗುವ ಹೊರಗಿನ ಯೂನಿಟ್ಟನ್ನು ಮಹಡಿಯ ಎತ್ತರದಲ್ಲಿ, ಜನ ನಡೆದಾಡುವ ಅಂಗಳದ ಮೇಲೆ ನೇತುಹಾಕುತ್ತಾರೆ. ಕಲ್ಲಿಗೆ ತಕ್ಕ ಉದ್ದನೆಯ ಬೋಲ್ಟನ್ನು ಆಚೆ ಬದಿಗೆ ಹಾಯಿಸಿ ಪ್ಲೇಟು ಕೊಟ್ಟು ಬಿಗಿಸುವುದೋ, ಯೂನಿಟ್ಟನ್ನು ಟೆರೇಸಿನ ಮೇಲೆ ಸ್ಟ್ಯಾಂಡಿನಲ್ಲಿ ಇಡುವುದೋ ಬಲ್ಲವರಿಗೆ ಗೊತ್ತಿರುವ ಉಪಾಯ. ಸಮುದ್ರದ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಬ್ರಾಕೆಟ್ಟು ಕೆಲವೇ ಮಳೆಗಾಲಗಳಲ್ಲಿ ಪದರ ಪದರವಾಗಿ ಎದ್ದುಬರುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು.

ಅರ್ತಿಂಗಿನ ಕಥೆಯೂ ಹಾಗೆಯೇ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ವಿದ್ಯುತ್ತನ್ನು ಭೂಮಿಗೆ ಇಳಿಸುವ ಶಕ್ತಿ ಕಡಿಮೆಯಾಗುತ್ತದೆ. ಎಸಿ ಅತಿ ಹೆಚ್ಚು ಓಡುವುದು ಅದೇ ತಿಂಗಳುಗಳಲ್ಲಿ. ಹಳೆಯ ಮನೆಯ ಅರ್ತನ್ನು ಮೀಟರಿನಿಂದ ಅಳೆಯದೆ, ಕರೆಂಟು ಸೋರಿದಾಗ ತಾನಾಗಿ ಆರಿಸುವ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಕೆಲಸ ಮಾಡುತ್ತಿದೆಯೇ ಎಂದು ಗುಂಡಿ ಒತ್ತಿಯೂ ನೋಡದೆ, ಮೊದಲೇ ಇದ್ದ ಪ್ಲಗ್ಗಿನ ತೆಳು ವಯರಿಗೆ ಎಸಿಯನ್ನು ಜೋಡಿಸಿ ಟೇಪು ಸುತ್ತಿ ಹೋಗುವವರನ್ನು ಕಂಡಿದ್ದೇನೆ. ಅಂತಹ ಜೋಡಣೆ ಮೊದಲ ದಿನ ಏನೂ ಮಾಡುವುದಿಲ್ಲ. ಏಪ್ರಿಲಿನ ರಾತ್ರಿ ಎಂಟು ಗಂಟೆ ನಿಲ್ಲದೆ ಓಡುವಾಗ ಸ್ಟೆಬಿಲೈಸರಿನ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಅದು ಬಿಸಿಯಾಗುತ್ತದೆ.

ಗ್ಯಾಸಿನ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಆದರೆ ಬಿಡುವಂತೆಯೂ ಇಲ್ಲ. ಈಗಿನ ಹೊಸ ಎಸಿಗಳಲ್ಲಿ ಬಹುಪಾಲು ಆರ್-32 ಗ್ಯಾಸಿನವು. ಅದು ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸು. ಕೆಲವು ಮಾದರಿಗಳಲ್ಲಿರುವ ಆರ್-290 ಎಂದರೆ ಪ್ರೊಪೇನೇ, ಅಡುಗೆ ಗ್ಯಾಸಿನ ಬಳಗದ್ದು. ಪೈಪಿನ ಸೋರಿಕೆ ನೋಡಲು ಒಣ ನೈಟ್ರೋಜನ್ ತುಂಬಬೇಕು. ಅದರ ಬದಲು ಕೈಗೆ ಸಿಕ್ಕಿದ ಆಕ್ಸಿಜನ್ ತುಂಬಿದರೆ ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗಬಹುದು. ಇದನ್ನೆಲ್ಲ ಕಲಿಸುವ ಎರಡು ವರ್ಷದ ರೆಫ್ರಿಜರೇಶನ್ ಮತ್ತು ಏರ್ ಕಂಡೀಶನಿಂಗ್ ಟ್ರೇಡು ಐಟಿಐಗಳಲ್ಲಿದೆ, ಕೌಶಲ ಯೋಜನೆಗಳ ಕಿರು ತರಬೇತಿಗಳೂ ಇವೆ. ಸರಕಾರ ಇದಕ್ಕೆ ಲೈಸೆನ್ಸು ಕಡ್ಡಾಯ ಮಾಡಿಲ್ಲವಾದರೂ, ಪ್ರಮಾಣಪತ್ರ ಇದ್ದವರು ಯಾರೆಂದು ತಿಳಿಯುವ ಹಕ್ಕು ಗಿರಾಕಿಗೆ ಇರಬೇಕೆಂದು ನನ್ನ ಅಭಿಪ್ರಾಯ.

ಇನ್ನು ವಿಮೆಯ ವಿಷಯ. ನನ್ನ ಮಟ್ಟಿಗೆ ಇದು ಲೈಸೆನ್ಸಿಗಿಂತಲೂ ಗಂಭೀರವಾದುದು, ಏಕೆಂದರೆ ಲೈಸೆನ್ಸಿನ ಬಗ್ಗೆ ಕೇಳುವವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ, ವಿಮೆಯ ಬಗ್ಗೆ ಕೇಳಿದವರನ್ನು ನಾನು ಕಂಡೇ ಇಲ್ಲ. ಎರಡನೆಯ ಮಹಡಿಯ ಸನ್‌ಶೇಡಿನ ಮೇಲೆ, ಮಳೆಗಾಲದ ಪಾಚಿ ಕಟ್ಟಿ ಜಾರುವ ಒಂದೂವರೆ ಅಡಿ ಅಗಲದ ಜಾಗದಲ್ಲಿ, ಸೊಂಟಕ್ಕೆ ಬೆಲ್ಟೂ ಇಲ್ಲದೆ, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸುವ ಇಪ್ಪತ್ತರ ಹುಡುಗನನ್ನು ನಾವೆಲ್ಲರೂ ಕೆಳಗೆ ನಿಂತು ನೋಡಿದ್ದೇವೆ. ಆತ ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು, ಕೆಲಸಕ್ಕೆ ಹೋಗಲಾಗದ ತಿಂಗಳುಗಳಲ್ಲಿ ಅವನ ಮನೆಯ ಖರ್ಚು ಯಾರದು? ಹೊರರಾಜ್ಯದಿಂದ ಬಂದ ಹೆಲ್ಪರ್ ಆದರೆ, ಅವನ ಊರಿಗೆ ಸುದ್ದಿ ಮುಟ್ಟಿಸುವವರು ಯಾರು ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.

ಕೆಲಸದಲ್ಲಿ ಗಾಯಗೊಂಡ ನೌಕರನಿಗೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯಿದೆ ಈ ದೇಶದಲ್ಲಿ 1923ರಲ್ಲಿಯೇ ಬಂದಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಆದರೆ ಪರಿಹಾರ ಕೊಡುವ ಹೊಣೆ ಇರುವುದು ಬೇರೆ, ಕೊಡಲು ಹಣ ಇರುವುದು ಬೇರೆ. ನೌಕರರ ಸರಕಾರಿ ವಿಮೆಯಾದ ಇಎಸ್‌ಐ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ನಮ್ಮಲ್ಲಿಗೆ ಬರುವುದು ಒಂದು ಬೈಕು, ಒಂದು ಏಣಿ, ಇಬ್ಬರು ಹುಡುಗರು. ಆದ್ದರಿಂದ ಗುತ್ತಿಗೆದಾರ ತನ್ನ ಕೆಲಸಗಾರರ ಹೆಸರಿನಲ್ಲಿ ನೌಕರ ಪರಿಹಾರ ವಿಮೆ ಮಾಡಿಸಿಲ್ಲದಿದ್ದರೆ, ಅಪಘಾತವಾದ ದಿನ ಆಗುವುದು ಜಗಳ ಮಾತ್ರ. ಅಂಗಡಿಯವನು ಆತ ನಮ್ಮವನಲ್ಲ, ಒಂದು ಫಿಟ್ಟಿಂಗಿಗೆ ಇಷ್ಟೆಂದು ಪಡೆಯುವ ಪೀಸ್ ಕೆಲಸದವನು ಎನ್ನುತ್ತಾನೆ. ಮನೆಯವರು ನಾವು ಅಂಗಡಿಗೆ ಹಣ ಕೊಟ್ಟಿದ್ದೇವೆ ಎನ್ನುತ್ತಾರೆ. ಹುಡುಗ ಆಸ್ಪತ್ರೆಯಲ್ಲಿ ಮಲಗಿರುತ್ತಾನೆ. ನಮ್ಮ ಪರಿಸರದಲ್ಲಿ ಹೀಗೆಯೇ ನಡೆದು, ಕೊನೆಗೆ ಊರವರು ಸೇರಿ ಹಣ ಒಟ್ಟುಮಾಡಿ ಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿದ್ದನ್ನು ನಾನು ಬಲ್ಲೆ. ಊರವರ ಔದಾರ್ಯ ದೊಡ್ಡದು. ಆದರೆ ಒಬ್ಬ ದುಡಿಯುವವನ ಕಾಲು ಊರವರ ಔದಾರ್ಯದ ಮೇಲೆ ನಿಂತಿರಬಾರದು.

ವಿಮೆ ಇದೆ ಎಂದು ಹೇಳುವವರಲ್ಲಿಯೂ ಯಾವ ವಿಮೆ ಎಂದು ಕೇಳಬೇಕಾಗುತ್ತದೆ. ಅಂಗಡಿಯ ಸರಕಿಗೆ ಬೆಂಕಿ ಬಿದ್ದರೆ ಸಿಗುವ ವಿಮೆ ನಮ್ಮ ಮನೆಗೆ ಸಂಬಂಧಿಸಿದ್ದಲ್ಲ. ಸಾಮಾನು ತರುವ ಗಾಡಿಯ ವಿಮೆಯೂ ಅಲ್ಲ. ಇಲ್ಲಿ ಬೇಕಾದವು ಎರಡು: ಕೆಲಸಗಾರನಿಗೆ ಗಾಯವಾದರೆ ಸಿಗುವ ನೌಕರ ಪರಿಹಾರ ವಿಮೆ, ಮತ್ತು ಕೆಲಸದಿಂದ ಮನೆಗೋ ಮನೆಯವರಿಗೋ ದಾರಿಹೋಕರಿಗೋ ಹಾನಿಯಾದರೆ ತುಂಬಿಕೊಡುವ ಹೊಣೆಗಾರಿಕೆ ವಿಮೆ. ಪಾಲಿಸಿಯ ಮೊದಲ ಪುಟದ ವಿವರಪಟ್ಟಿಯಲ್ಲಿ ಯಾರ ಹೆಸರಿದೆ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಬಗೆಯ ಕೆಲಸ, ಎಷ್ಟು ಕೆಲಸಗಾರರು ಎಂಬ ನಾಲ್ಕು ಸಂಗತಿಗಳು ಇರುತ್ತವೆ. ಕೆಲಸದ ಬಗೆ ಎಂಬಲ್ಲಿ ಅಂಗಡಿ ಮಾರಾಟ ಎಂದಷ್ಟೇ ಬರೆದಿದ್ದು, ಎತ್ತರದಲ್ಲಿ ಅಳವಡಿಸುವ ಕೆಲಸ ಅದರಲ್ಲಿ ಸೇರದಿದ್ದರೆ, ಪರಿಹಾರ ಕೇಳುವಾಗ ತೊಂದರೆ ಬರುವುದು ಅಲ್ಲಿಯೇ. ಪಾಲಿಸಿ ಸಂಖ್ಯೆಯನ್ನು ಬರೆದುಕೊಂಡು, ಗುತ್ತಿಗೆದಾರ ಕೊಟ್ಟ ನಂಬರಿಗಲ್ಲದೆ, ವಿಮಾ ಕಂಪನಿಯ ಶಾಖೆಗೋ ಅದರ ಗ್ರಾಹಕ ಸೇವೆಗೋ ನೇರವಾಗಿ ಕರೆ ಮಾಡಿ ಚಾಲ್ತಿಯಲ್ಲಿದೆಯೇ ಎಂದು ಕೇಳಬೇಕು.

ಒಬ್ಬನೇ ದುಡಿಯುವ ಮೆಕ್ಯಾನಿಕ್ಕಿಗೆ ಇಷ್ಟೆಲ್ಲ ವಿಮೆ ಭಾರವಾಗಬಹುದು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಅವರಿಗೂ ಆರಂಭಿಸಲು ಒಂದು ದಾರಿ ಇದೆ. ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿಗೆ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ಸಿಗುತ್ತದೆ. ಆಸ್ಪತ್ರೆಯ ಖರ್ಚನ್ನು ಅದು ಕೊಡುವುದಿಲ್ಲ, ಮನೆಯ ಹಾನಿಯನ್ನೂ ತುಂಬುವುದಿಲ್ಲ. ಹಾಗಾಗಿ ಅದು ಮೇಲಿನ ಎರಡಕ್ಕೆ ಬದಲಿಯಲ್ಲ. ಆದರೆ ಆ ಇಪ್ಪತ್ತು ರೂಪಾಯಿಯ ರಕ್ಷಣೆಯೂ ಇಲ್ಲದವನನ್ನು ಸನ್‌ಶೇಡಿಗೆ ಹತ್ತಿಸುವ ಗುತ್ತಿಗೆದಾರನನ್ನು ನಾನು ನಂಬುವುದಿಲ್ಲ.

ಮಾನ್ಯರೇ, ಈಗ ನನ್ನ ಕೋರಿಕೆಗಳಿಗೆ ಬರುತ್ತೇನೆ. ಇವುಗಳಿಗೆ ಹೊಸ ಕಾನೂನು ಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಸೆಕ್ಷನ್, ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ತಾನು ಕೊಟ್ಟ ರಿಯಾಯಿತಿ, ಪರ್ಮಿಟ್ ಮತ್ತು ಅಧಿಕಾರಪತ್ರಗಳನ್ನು ಪಡೆದವರ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು ಹೇಳುತ್ತದೆ. ಅದೇ ಸೆಕ್ಷನ್, ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಜನರಿಗೆ ಚೆನ್ನಾಗಿ ತಲುಪುವ ವಿಧಾನವನ್ನೂ ಗಮನದಲ್ಲಿಟ್ಟುಕೊಳ್ಳಬೇಕೆಂದೂ ಹೇಳುತ್ತದೆ. ವಿದ್ಯುತ್ ಗುತ್ತಿಗೆದಾರರ ಲೈಸೆನ್ಸು ಮತ್ತು ವಯರ್‌ಮನ್ ಪರ್ಮಿಟ್ ಇದರೊಳಗೆ ನೇರವಾಗಿ ಬರುತ್ತವೆ. ಆದ್ದರಿಂದ ಈ ಜಿಲ್ಲೆಯಲ್ಲಿ ಕೆಲಸ ಮಾಡುವ, ಚಾಲ್ತಿಯ ಲೈಸೆನ್ಸು ಇರುವ ಎಲ್ಲ ವಿದ್ಯುತ್ ಗುತ್ತಿಗೆದಾರರ ಪಟ್ಟಿಯನ್ನು, ಲೈಸೆನ್ಸ್ ಸಂಖ್ಯೆ, ದರ್ಜೆ ಮತ್ತು ಅವಧಿ ಮುಗಿಯುವ ದಿನಾಂಕದೊಡನೆ, ಕನ್ನಡ ಮತ್ತು ಮಲಯಾಳ ಎರಡರಲ್ಲಿಯೂ ಮುದ್ರಿಸಿ ಪ್ರತಿಯೊಂದು ಪಂಚಾಯತು ಕಚೇರಿ, ವಿದ್ಯುತ್ ಸೆಕ್ಷನ್ ಆಫೀಸು ಮತ್ತು ಆನ್‌ಲೈನ್ ಸರಕಾರಿ ಸೇವೆಗಳನ್ನು ಕೊಡುವ ಅಕ್ಷಯ ಕೇಂದ್ರದ ಫಲಕದಲ್ಲಿ ಹಾಕಿಸಬೇಕು. ಜಾಲತಾಣದಲ್ಲಿ ಇದ್ದರೆ ಸಾಲದು. ಎಣ್ಮಕಜೆಯ ಅಥವಾ ದೇಲಂಪಾಡಿಯ ಎಪ್ಪತ್ತರ ಅಜ್ಜಿಗೆ, ರೇಶನ್ ತರಲು ಹೋದ ಮೊಮ್ಮಗ ಫಲಕವನ್ನು ಓದಿ ಬಂದು ಹೇಳುವಂತಿರಬೇಕು. ಲೈಸೆನ್ಸಿನ ಅವಧಿ ಮುಗಿದವರ ಹೆಸರನ್ನು ತೆಗೆದು, ಮೂರು ತಿಂಗಳಿಗೊಮ್ಮೆಯಾದರೂ ಹೊಸ ಪಟ್ಟಿ ಹಾಕಬೇಕು.

ಎರಡನೆಯದಾಗಿ, ಪಂಚಾಯತುಗಳು ಎಸಿ ಮಾರಾಟ ಮತ್ತು ಸರ್ವಿಸ್ ಅಂಗಡಿಗಳಿಗೆ ವ್ಯಾಪಾರ ಪರವಾನಗಿಯನ್ನು ಕೊಡುವಾಗ ಮತ್ತು ನವೀಕರಿಸುವಾಗ, ಆ ಅಂಗಡಿ ವಯರಿಂಗ್ ಕೆಲಸವನ್ನು ಯಾವ ಲೈಸೆನ್ಸುದಾರರಿಂದ ಮಾಡಿಸುತ್ತದೆ, ಕೆಲಸಗಾರರಿಗೆ ಯಾವ ವಿಮೆ ಇದೆ ಎಂಬ ಎರಡು ವಿವರಗಳನ್ನು ಅರ್ಜಿಯೊಡನೆ ಬರೆಸಿಕೊಳ್ಳಲಿ. ಈಗ ಗ್ರಾಮ ಪಂಚಾಯತುಗಳಲ್ಲಿಯೂ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ಅರ್ಜಿಯ ವ್ಯವಸ್ಥೆ ಬಂದಿರುವುದರಿಂದ ಎರಡು ಅಂಕಣ ಹೆಚ್ಚಿಸುವುದು ಅಸಾಧ್ಯವಾದ ಕೆಲಸವಲ್ಲ ಎಂದು ಭಾವಿಸುತ್ತೇನೆ. ಅದಕ್ಕೆ ಮೇಲಿನ ಆದೇಶ ಬೇಕಾದರೆ ಜಿಲ್ಲಾಡಳಿತ ಸರಕಾರಕ್ಕೆ ಬರೆಯಬಹುದು. ಅಂಗಡಿಯಿಲ್ಲದೆ ಒಬ್ಬರೇ ದುಡಿಯುವ ಮೆಕ್ಯಾನಿಕರಿಗೆ ಶುಲ್ಕವಿಲ್ಲದ ಒಂದು ಸ್ವಯಂ ನೋಂದಣಿ ಪುಸ್ತಕ ಪಂಚಾಯತಿನಲ್ಲಿ ಇರಲಿ. ಇದು ಅವರನ್ನು ಓಡಿಸುವುದಕ್ಕಲ್ಲ. ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡುತ್ತಾ, ಕೈಯಲ್ಲಿ ಒಂದು ಕಾಗದವೂ ಇಲ್ಲದೆ, ಕಾಗದ ಮಾತ್ರ ಇರುವವರ ಎದುರು ಸೋಲುವ ನಮ್ಮ ಊರಿನ ಹುಡುಗರು ಹಲವರಿದ್ದಾರೆ. ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೌಶಲ ಯೋಜನೆಗಳಲ್ಲಿ ಇದೆ. ಅಂತಹ ಒಂದು ಶಿಬಿರವನ್ನು ಕುಂಬಳೆಯಲ್ಲೋ ಬದಿಯಡ್ಕದಲ್ಲೋ, ಪ್ರಶ್ನೆಗಳು ಕನ್ನಡದಲ್ಲಿಯೂ ಇರುವಂತೆ, ನಡೆಸಿಕೊಡಬೇಕು.

ಮೂರನೆಯ ಕೋರಿಕೆ ಮಾನ್ಯ ವಿದ್ಯುತ್ ಪರಿವೀಕ್ಷಕರಲ್ಲಿ. ವಿದ್ಯುತ್ ಅಪಘಾತವಾದಾಗ ವಿಚಾರಣೆ ನಡೆಸುವ ಅಧಿಕಾರ 2003ರ ವಿದ್ಯುತ್ ಕಾಯಿದೆಯ 161ನೇ ಸೆಕ್ಷನ್‌ನಲ್ಲಿದೆ. ಮನೆಯಲ್ಲಿ ಆದ ಅಪಘಾತಕ್ಕೂ ಎಸಿಗೂ ಸಂಬಂಧವಿದ್ದಲ್ಲಿ, ಆ ಲೈನನ್ನು ಎಳೆದವರು ಯಾರು, ಅವರಿಗೆ ಲೈಸೆನ್ಸಿತ್ತೇ ಎಂಬುದನ್ನು ವಿಚಾರಣೆಯಲ್ಲಿ ದಾಖಲಿಸಿ, ಸಂಬಂಧಪಟ್ಟವರ ಗುರುತನ್ನು ಬಿಟ್ಟು ಉಳಿದ ಸಾರಾಂಶವನ್ನು ಜನರಿಗೆ ತಿಳಿಸಬೇಕು. ಏನಾಗಿ ಹೀಗಾಯಿತು ಎಂದು ಗೊತ್ತಾದರೆ ಮುಂದಿನ ಮನೆಯವರು ಎಚ್ಚರವಹಿಸುತ್ತಾರೆ.

ಈ ಪತ್ರವನ್ನು ಓದುವ ಮನೆಯವರಲ್ಲಿಯೂ, ಮುಖ್ಯವಾಗಿ ದೂರದಲ್ಲಿದ್ದು ಊರಿನ ಮನೆಗೆ ಎಸಿ ಹಾಕಿಸುವ ಮಕ್ಕಳಲ್ಲಿಯೂ ನನ್ನ ವಿನಂತಿ ಇದೆ. ಫಿಟ್ಟಿಂಗ್ ಉಚಿತ ಎಂಬ ಜಾಹೀರಾತು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಉಚಿತವಾಗಿ ಬರುವುದು ಸಾಮಾನ್ಯವಾಗಿ ಯೂನಿಟ್ಟು ಕೂರಿಸುವ ಕೆಲಸ, ಹೊಸ ಲೈನು ಎಳೆಯುವ ಕೆಲಸವಲ್ಲ. ಬರುವವರ ಹೆಸರು, ವಯರಿಂಗ್ ಮಾಡುವವರ ಲೈಸೆನ್ಸಿನ ಪೂರ್ತಿ ಪುಟದ ಪ್ರತಿ, ವಿಮೆಯ ವಿವರಪಟ್ಟಿ, ಇವಿಷ್ಟನ್ನು ಹಿಂದಿನ ದಿನವೇ ಮೊಬೈಲಿಗೆ ತರಿಸಿಕೊಂಡು, ಬಾಗಿಲಿಗೆ ಬಂದವರ ಗುರುತು ಅದರೊಡನೆ ಹೊಂದುತ್ತದೆಯೇ ಎಂದು ಮನೆಯಲ್ಲಿರುವ ಒಬ್ಬರಿಗೆ ನೋಡಲು ಹೇಳಿ. ಸಂಶಯವಿದ್ದರೆ ಲೈಸೆನ್ಸ್ ಸಂಖ್ಯೆಯನ್ನು ಜಿಲ್ಲಾ ವಿದ್ಯುತ್ ಪರಿವೀಕ್ಷಕರ ಕಚೇರಿಯಲ್ಲಿ ವಿಚಾರಿಸಿ. ಕೆಲಸ ಮುಗಿದ ಮೇಲೆ ಅಳವಡಿಕೆಯ ಹಣಕ್ಕೂ ಸೇರಿ ಬಿಲ್ಲು ಪಡೆಯಿರಿ. ಐನೂರು ರೂಪಾಯಿ ಉಳಿಯುತ್ತದೆಂದು ಬಿಲ್ಲು ಬಿಟ್ಟವರು, ನಾಳೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಹಣ ಕೊಟ್ಟು ಸೇವೆ ಪಡೆದದ್ದನ್ನು ಸಾಬೀತುಪಡಿಸಲು ಕಷ್ಟಪಡುತ್ತಾರೆ. ಹಣ ಪಡೆದು ಕೆಟ್ಟ ಸೇವೆ ಕೊಟ್ಟವರ ಮೇಲೆ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅವಕಾಶ ಕೊಟ್ಟಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. ಮೊದಲ ಸಲಹೆಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಲೈಸೆನ್ಸು ಕೇಳಿದರೆ ಬಂದವರು ಬೇಸರಪಟ್ಟುಕೊಳ್ಳುತ್ತಾರೆ, ಸೆಕೆಯ ಕಾಲದಲ್ಲಿ ಬೇರೆ ಜನ ಸಿಗುವುದಿಲ್ಲ ಎಂಬ ಮಾತು ನನಗೂ ಕೇಳಿಬಂದಿದೆ. ನಿಜವಾದ ಲೈಸೆನ್ಸುದಾರರು ಬೇಸರಪಟ್ಟಿದ್ದನ್ನು ನಾನು ಕಂಡಿಲ್ಲ. ಪರೀಕ್ಷೆ ಬರೆದು, ಶುಲ್ಕ ಕಟ್ಟಿ, ಕಾಲಕಾಲಕ್ಕೆ ನವೀಕರಿಸಿ ಇಟ್ಟುಕೊಂಡ ಕಾಗದವನ್ನು ಒಬ್ಬರಾದರೂ ಕೇಳಿದರಲ್ಲ ಎಂದು ಸಂತೋಷದಿಂದ ತೆಗೆದು ತೋರಿಸುವವರೇ ಹೆಚ್ಚು.

ಮಾನ್ಯರೇ, ಎಸಿ ಫಿಟ್ಟಿಂಗಿನ ನೂಕುನುಗ್ಗಲು ನಮ್ಮಲ್ಲಿ ಫೆಬ್ರವರಿಯಿಂದ ಆರಂಭವಾಗಿ ಮಳೆ ಹಿಡಿಯುವ ತನಕ ಇರುತ್ತದೆ. ಅದಕ್ಕೆ ಮೊದಲು, ಜನವರಿಯೊಳಗೆ, ವಿದ್ಯುತ್ ಪರಿವೀಕ್ಷಕರು, ವಿದ್ಯುತ್ ಮಂಡಳಿಯ ಅಧಿಕಾರಿಗಳು, ಪಂಚಾಯತು ಪ್ರತಿನಿಧಿಗಳು, ಎಸಿ ಅಂಗಡಿಯವರು ಮತ್ತು ಮೆಕ್ಯಾನಿಕರ ಪ್ರತಿನಿಧಿಗಳನ್ನು ತಾವು ಒಂದು ಸಭೆಗೆ ಕರೆಯಬೇಕೆಂದು, ಆ ಸಭೆಯಲ್ಲಿ ಲೈಸೆನ್ಸುದಾರರ ಮೊದಲ ಪಟ್ಟಿಯನ್ನು ಪ್ರಕಟಿಸುವ ದಿನಾಂಕವನ್ನು ನಿಗದಿ ಮಾಡಬೇಕೆಂದು ಪ್ರಾರ್ಥಿಸುತ್ತೇನೆ. ಈ ಪತ್ರಕ್ಕೆ ತಮ್ಮ ಕಚೇರಿಯಿಂದ ಕನ್ನಡದಲ್ಲಿ ಉತ್ತರ ಬಂದರೆ, ಅದನ್ನೂ ಇದೇ ರೀತಿ ಬಹಿರಂಗವಾಗಿ ಪ್ರಕಟಿಸುತ್ತೇನೆ.

ಗೌರವಪೂರ್ವಕವಾಗಿ,
ತಮ್ಮ ವಿಶ್ವಾಸಿ,
ಕುಂಬಳೆ ಪರಿಸರದ ಒಬ್ಬ ನಿವಾಸಿ